ಹಿಮದ ಶಾಸನ: ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಚರಿತ್ರೆಗೆ ಒಂದು ದೂರದ ಸಾಕ್ಷ್ಯ

ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲೂಕುಗಳ ಚರಿತ್ರೆಯನ್ನು ಬರೆಯಹೊರಟವರಿಗೆ ಆಕರಗಳ ಕೊರತೆಯಿಲ್ಲ. ಬನವಾಸಿಯ ನಾಗಶಿಲೆಯ ಪ್ರಾಕೃತ ಶಾಸನ, ಗುಡ್ನಾಪುರದಲ್ಲಿ ದೊರೆತ ಕದಂಬ ರವಿವರ್ಮನ ಸ್ತಂಭಶಾಸನ, ಸೋಂದೆಯ ಮಠಗಳ ಓಲೆಗರಿಗಳು, ಬಿಳಗಿಯ ಬಸದಿಯ ಶಿಲಾಲೇಖಗಳು, 1801ರಲ್ಲಿ ಈ ದಾರಿಯಲ್ಲಿ ಸಾಗಿದ ಫ್ರಾನ್ಸಿಸ್ ಬುಕಾನನ್ನನ ಪ್ರವಾಸಕಥನ ಇವೆಲ್ಲ ವಿದ್ವಾಂಸರಿಗೆ ಪರಿಚಿತವಾದವು. ಇವುಗಳಿಗೆಲ್ಲ ಸಾಮಾನ್ಯವಾದ ಒಂದು ಲಕ್ಷಣವಿದೆ. ಪ್ರತಿಯೊಂದನ್ನೂ ಯಾರೋ ಒಬ್ಬರು ಒಂದು ಉದ್ದೇಶದಿಂದ ಬರೆಸಿದ್ದಾರೆ. ದಾನಿಗೆ ಪುಣ್ಯ ಬೇಕಿತ್ತು, ಅರಸನಿಗೆ ಕೀರ್ತಿ ಬೇಕಿತ್ತು, ಕಂಪನಿ ಸರಕಾರಕ್ಕೆ ನೆಲದ ಆದಾಯದ ಲೆಕ್ಕ ಬೇಕಿತ್ತು. ಬರೆಸಿದವರು ತಮಗೆ ಬೇಡವಾದುದನ್ನು ಬಿಟ್ಟಿದ್ದಾರೆ. ಆ ಬಿಟ್ಟ ಸ್ಥಳವನ್ನು ಓದುವುದು ಶಾಸನಾಧ್ಯಯನದ ಕಠಿಣ ಭಾಗ.

ಯಾರೂ ಬರೆಸದ, ಯಾರೂ ತಿದ್ದಲಾಗದ ಇನ್ನೊಂದು ದಾಖಲೆಯಿದೆ. ಅದು ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕಾ, ಆಂಡೀಸ್ ಮತ್ತು ಹಿಮಾಲಯಗಳ ಹಿಮದೊಳಗೆ ಇದೆ. ಹಿಮವನ್ನೇ ಕಾಣದ ಮಲೆನಾಡಿನ ಮೂರು ತಾಲೂಕುಗಳಿಗೂ ಆ ಹಿಮಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಸಹಜವಾದುದು. ಸಂಬಂಧವಿರುವುದು ಲೋಹ ಮತ್ತು ಹೊಗೆಯ ಮೂಲಕ. ಬನವಾಸಿಯಲ್ಲಿ ಕೈಬದಲಾದ ಸೀಸ, ಘಟ್ಟದ ಮೆಣಸಿಗೆ ಬೆಲೆಯಾಗಿ ಬಂದ ಬೆಳ್ಳಿ, ಯಲ್ಲಾಪುರದ ದಾರಿಯಲ್ಲಿ ಇಳಿದುಹೋದ ಹತ್ತಿ ಈ ಮೂರೂ ಲೋಕದ ಬೇರೆ ಬೇರೆ ಮೂಲೆಗಳಲ್ಲಿ ಎದ್ದ ಹೊಗೆಯ ಕಾಲದ ಸರಕುಗಳು. ಸರಕಿನ ಕಥೆಯನ್ನು ಶಾಸನಗಳೂ ಲೆಕ್ಕಪತ್ರಗಳೂ ಹೇಳಿದರೆ, ಹೊಗೆಯ ಕಥೆಯನ್ನು ಹಿಮ ಹೇಳುತ್ತದೆ.

ಹಿಮ ಬರೆಯುವ ಬಗೆ

ಧ್ರುವಪ್ರದೇಶದಲ್ಲಿ ಪ್ರತಿವರ್ಷ ಬಿದ್ದ ಹಿಮ ಕರಗದೆ ಉಳಿಯುತ್ತದೆ. ಮರುವರ್ಷದ ಹಿಮ ಅದರ ಮೇಲೆ ಬೀಳುತ್ತದೆ. ಮೇಲಿನ ಭಾರಕ್ಕೆ ಕೆಳಗಿನದು ಒತ್ತಿಕೊಂಡು ಗಟ್ಟಿಯಾದ ಮಂಜುಗಡ್ಡೆಯಾಗುತ್ತದೆ. ಆಯಾ ವರ್ಷ ಗಾಳಿಯಲ್ಲಿದ್ದ ದೂಳು, ಉಪ್ಪು, ಮಸಿ, ಲೋಹದ ಕಣ ಎಲ್ಲವೂ ಆಯಾ ಪದರದಲ್ಲಿಯೇ ಸೆರೆಯಾಗುತ್ತವೆ. ಇಂಥ ಹಿಮರಾಶಿಯನ್ನು ಮೇಲಿನಿಂದ ಕೆಳಗೆ ಕೊರೆದು ಉದ್ದನೆಯ ಕಂಬದಂತೆ ಹೊರತೆಗೆಯುತ್ತಾರೆ. ವಿಜ್ಞಾನಿಗಳು ಐಸ್ ಕೋರ್ ಎಂದು ಕರೆಯುವುದು ಈ ಹಿಮಕಂಬವನ್ನೇ. ಪದರಗಳನ್ನು ಎಣಿಸಿದರೆ ವರ್ಷ ತಿಳಿಯುತ್ತದೆ. ಕಾಲ ತಿಳಿದಿರುವ ಜ್ವಾಲಾಮುಖಿಗಳ ಗಂಧಕಾಮ್ಲದ ಪದರಗಳು ಆ ಎಣಿಕೆಯನ್ನು ತಾಳೆನೋಡಲು ನೆರವಾಗುತ್ತವೆ. ಶಾಸನದಲ್ಲಿ ಶಕವರ್ಷದ ಜೊತೆಗೆ ಗ್ರಹಣದ ಉಲ್ಲೇಖವಿದ್ದರೆ ಕಾಲನಿರ್ಣಯ ಭದ್ರವಾಗುವಂತೆಯೇ ಇದು.

ಈ ಹಿಮದಲ್ಲಿ ಸೀಸವನ್ನು ಅಳೆಯುವ ದಾರಿಯನ್ನು ತೆರೆದವನು ಅಮೆರಿಕದ ಭೂರಸಾಯನ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್. ಉಲ್ಕಾಶಿಲೆಗಳಲ್ಲಿನ ಸೀಸವನ್ನು ಅಳೆದು ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷವೆಂದು 1956ರಲ್ಲಿ ನಿರ್ಧರಿಸಿದವನು ಅವನೇ. ಆ ಕೆಲಸದಲ್ಲಿ ಅವನಿಗೆ ಎದುರಾದ ದೊಡ್ಡ ತೊಡಕೆಂದರೆ ಪ್ರಯೋಗಾಲಯದ ಗಾಳಿ, ನೀರು, ಪಾತ್ರೆ, ಮನುಷ್ಯರ ಚರ್ಮ ಎಲ್ಲದರಲ್ಲಿಯೂ ಸೀಸವಿದ್ದುದು. ಅದು ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದಾಗ ಹಿಮವೇ ಸಾಕ್ಷಿಯಾಯಿತು. ಮುರೋಜುಮಿ, ಚೌ ಮತ್ತು ಪ್ಯಾಟರ್ಸನ್ 1969ರಲ್ಲಿ ಪ್ರಕಟಿಸಿದ ಲೇಖನ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ಸೀಸದ ಪ್ರಮಾಣ ಕೈಗಾರಿಕಾ ಯುಗದೊಡನೆ ಏರಿ, ಪೆಟ್ರೋಲಿಗೆ ಸೀಸ ಬೆರೆಸುವ ಪದ್ಧತಿ ಬಂದ ಮೇಲೆ ತೀವ್ರವಾಗಿ ಏರಿತೆಂಬುದನ್ನು ತೋರಿಸಿತು. ಮಲಿನವಾಗುವುದಕ್ಕೆ ಮೊದಲು ಗಾಳಿ ಹೇಗಿತ್ತು ಎಂಬುದಕ್ಕೆ ಒಂದು ಅಳತೆಗೋಲು ಅಂದಿನಿಂದ ದೊರೆಯಿತು.

ಸೀಸದ ಸಾಕ್ಷ್ಯಕ್ಕೆ ಇನ್ನೊಂದು ಬಲವಿದೆ. ಬೇರೆ ಬೇರೆ ಗಣಿಗಳ ಸೀಸದಲ್ಲಿ ಅದರ ಸಮಸ್ಥಾನಿಗಳ ಪ್ರಮಾಣ ಬೇರೆ ಬೇರೆಯಾಗಿರುತ್ತದೆ. ಕರಗಿಸಿದರೂ, ಕಾಯಿಸಿದರೂ, ಹೊಗೆಯಾಗಿ ಹಾರಿಹೋದರೂ ಆ ಪ್ರಮಾಣ ಬದಲಾಗುವುದಿಲ್ಲ. ಲಿಪಿಯ ಜಾಡು ಹಿಡಿದು ಕಾಲದೇಶಗಳನ್ನು ಗುರುತಿಸುವಂತೆ, ಸಮಸ್ಥಾನಿಗಳ ಜಾಡು ಹಿಡಿದು ಹಿಮದೊಳಗಿನ ಸೀಸ ಯಾವ ಗಣಿಯ ಕಡೆಯಿಂದ ಬಂದಿರಬಹುದೆಂದು ಹೇಳಲು ಸಾಧ್ಯ.

ಶಿರಸಿ: ಬನವಾಸಿಯ ಸೀಸದ ನಾಣ್ಯ

ಶಿರಸಿ ತಾಲೂಕಿನ ಬನವಾಸಿ ಕದಂಬರಿಗಿಂತ ಮೊದಲೇ ರಾಜಧಾನಿಯಾಗಿತ್ತು. ಅಲ್ಲಿನ ಮಧುಕೇಶ್ವರ ದೇವಾಲಯದಲ್ಲಿರುವ ನಾಗಶಿಲೆಯ ಶಾಸನ ವಿಣ್ಹುಕಡ ಚುಟುಕುಲಾನಂದ ಸಾತಕರ್ಣಿಯ ಆಳ್ವಿಕೆಯ 12ನೆಯ ವರ್ಷದ್ದು. ಅರಸನ ಮಗಳು ನಾಗ, ತಟಾಕ, ವಿಹಾರಗಳನ್ನು ಮಾಡಿಸಿದುದನ್ನು ಅದು ಹೇಳುತ್ತದೆ. ಈ ಚುಟುಗಳ ನಾಣ್ಯಗಳು ಸೀಸದವು. ಕಾರವಾರದಲ್ಲಿ ದೊರೆತ ಇಂಥ ದೊಡ್ಡ ಸೀಸದ ನಾಣ್ಯಗಳನ್ನು ಇ. ಜೆ. ರಾಪ್ಸನ್ 1908ರ ಬ್ರಿಟಿಷ್ ಮ್ಯೂಸಿಯಂ ಸೂಚಿಯಲ್ಲಿ ವಿವರಿಸಿದ್ದಾನೆ. ಒಂದು ಮುಖದಲ್ಲಿ ಬೆಟ್ಟದಂಥ ಚಿಹ್ನೆ, ಅದರ ಸುತ್ತ ಚುಟುಕಡಾನಂದ ಇಲ್ಲವೆ ಮುಳಾನಂದ ರಾಜನದು ಎಂಬರ್ಥದ ಪ್ರಾಕೃತ ಒಕ್ಕಣೆ, ಇನ್ನೊಂದು ಮುಖದಲ್ಲಿ ಕಟಾಂಜನದೊಳಗಿನ ಮರ. ಬನವಾಸಿಯ ಉತ್ಖನನಗಳಲ್ಲಿಯೂ ಸಾತವಾಹನ ಕಾಲದ ಸೀಸದ ನಾಣ್ಯಗಳು ದೊರೆತಿವೆ.

ಈ ನಾಣ್ಯಗಳು ಚಲಾವಣೆಯಲ್ಲಿದ್ದ ಶತಮಾನಗಳಿಗೆ ಹೊಂದುವ ಕಾಲದಲ್ಲಿಯೇ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ಸೀಸದ ಪ್ರಾಚೀನ ಉಬ್ಬರ ಕಾಣುತ್ತದೆ. ಹಾಂಗ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಕ್ರಿ.ಪೂ. 500ರಿಂದ ಕ್ರಿ.ಶ. 300ರವರೆಗಿನ ಪದರಗಳಲ್ಲಿ ಸೀಸ ಸಹಜ ಪ್ರಮಾಣದ ಸುಮಾರು ನಾಲ್ಕು ಪಟ್ಟು ಇದೆ. ಗ್ರೀಕರೂ ರೋಮನ್ನರೂ ಬೆಳ್ಳಿಗಾಗಿ ಸೀಸದ ಅದಿರನ್ನು ಕರಗಿಸಿದುದರ ಫಲ ಇದು. ಅದಿರಿನಲ್ಲಿ ಬೆಳ್ಳಿ ಸ್ವಲ್ಪ, ಸೀಸ ಬಹಳ. ಬೆಳ್ಳಿಯನ್ನು ಬೇರ್ಪಡಿಸಲು ಗಾಳಿಯೂದಿ ಕಾಯಿಸಿದಾಗ ಸೀಸದ ಒಂದಂಶ ಹೊಗೆಯಾಗಿ ಏಳುತ್ತಿತ್ತು. ಕ್ರಿ.ಪೂ. 150ರಿಂದ ಕ್ರಿ.ಶ. 50ರವರೆಗಿನ ಹಿಮದ ಸೀಸದಲ್ಲಿ ಸುಮಾರು ಶೇ. 70ರಷ್ಟು ಸ್ಪೇನಿನ ರಿಯೋ ಟಿಂಟೋ ಗಣಿಗಳದ್ದೆಂದು 1997ರ ಸಮಸ್ಥಾನಿ ಅಧ್ಯಯನ ತಿಳಿಸಿತು. ಜೋಸೆಫ್ ಮ್ಯಾಕ್‌ಕಾನೆಲ್ ಮತ್ತು ಸಂಗಡಿಗರು 2018ರಲ್ಲಿ ಕ್ರಿ.ಪೂ. 1100ರಿಂದ ಕ್ರಿ.ಶ. 800ರವರೆಗಿನ ದಾಖಲೆಯನ್ನು ಇನ್ನೂ ಸೂಕ್ಷ್ಮವಾಗಿ ಓದಿದರು. ರೋಮಿನ ಶಾಂತಿಕಾಲದಲ್ಲಿ ಸೀಸ ಏರುತ್ತದೆ. ಕ್ರಿ.ಶ. 165ರಲ್ಲಿ ಆರಂಭವಾದ ಆಂಟೊನೈನ್ ಮಹಾಮಾರಿಯೊಡನೆ ಇಳಿಯುತ್ತದೆ.

ಇನ್ನು ಗ್ರಂಥಸಾಕ್ಷ್ಯ. ಭಾರತದಲ್ಲಿ ತಾಮ್ರವೂ ಇಲ್ಲ, ಸೀಸವೂ ಇಲ್ಲ, ಅಲ್ಲಿಯವರು ರತ್ನ ಮತ್ತು ಮುತ್ತುಗಳನ್ನು ಕೊಟ್ಟು ಅವನ್ನು ಪಡೆಯುತ್ತಾರೆ ಎಂದು ರೋಮಿನ ಪ್ಲಿನಿ ಬರೆದಿದ್ದಾನೆ. ಎರಿತ್ರಿಯನ್ ಸಮುದ್ರದ ಪೆರಿಪ್ಲಸ್ ಪಶ್ಚಿಮ ಕರಾವಳಿಯ ಬಂದರುಗಳಿಗೆ ಬರುತ್ತಿದ್ದ ಸರಕುಗಳಲ್ಲಿ ಸೀಸವನ್ನೂ ಎಣಿಸುತ್ತದೆ. ಇವೆರಡನ್ನೂ ಹಿಮದ ಸಾಕ್ಷ್ಯದೊಡನೆ ಸೇರಿಸಿ, ಬನವಾಸಿಯ ನಾಣ್ಯವೂ ಗ್ರೀನ್‌ಲ್ಯಾಂಡಿನ ಮಸಿಯೂ ಒಂದೇ ಕುಲುಮೆಯವೆಂದು ಹೇಳಿಬಿಡುವುದು ಸುಲಭ. ಆದರೆ ಪ್ಲಿನಿಯ ಮಾತು ಪೂರ್ಣ ನಿಜವಲ್ಲ. ರಾಜಸ್ಥಾನದ ಜಾವರ್‌ನಲ್ಲಿ ಕ್ರಿಸ್ತಪೂರ್ವದಲ್ಲಿಯೇ ಸೀಸ ಮತ್ತು ಸತುವಿನ ಅದಿರನ್ನು ಅಗೆದ ಆಳವಾದ ಗಣಿಗಳಿವೆ. ಆಂಧ್ರದ ಕಡಪ ಪ್ರದೇಶದಲ್ಲಿಯೂ ಸೀಸದ ಹಳೆಯ ಗಣಿಗಳ ಗುರುತುಗಳಿವೆ. ಆದುದರಿಂದ ಹಿಮ ಇಲ್ಲಿ ಉತ್ತರವನ್ನು ಕೊಡುವುದಿಲ್ಲ, ಪ್ರಶ್ನೆಯನ್ನು ಹರಿತಗೊಳಿಸುತ್ತದೆ. ಚುಟುಗಳ ನಾಣ್ಯದ ಸೀಸ ಹಡಗಿನಲ್ಲಿ ಬಂದುದೋ ದಖ್ಖನಿನ ದಾರಿಯಲ್ಲಿ ಬಂದುದೋ ಎಂಬುದನ್ನು ಸಮಸ್ಥಾನಿಗಳ ಮೂಲಕ ನಾಣ್ಯವೇ ಹೇಳಬೇಕು. ಕಾಲದ ಹೊಂದಾಣಿಕೆಯೊಂದೇ ಕಾರ್ಯಕಾರಣ ಸಂಬಂಧವಾಗದು ಎಂಬ ಎಚ್ಚರ ಶಾಸನದ ಓದಿಗೆ ಬೇಕಾದಷ್ಟೇ ಹಿಮದ ಓದಿಗೂ ಬೇಕು.

ಸಿದ್ದಾಪುರ: ಮೆಣಸು ಮತ್ತು ಬೆಳ್ಳಿ

ಎರಡನೆಯ ಪ್ರಸಂಗ 16ನೆಯ ಶತಮಾನದ್ದು. ಗೇರುಸೊಪ್ಪೆಯ ಸಾಳುವ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರೆಂಬುದು ಪ್ರಸಿದ್ಧ. 1623ರಲ್ಲಿ ಗೇರುಸೊಪ್ಪೆಯ ಮೂಲಕ ಇಕ್ಕೇರಿಗೆ ಸಾಗಿದ ಪಿಯೆತ್ರೊ ದೆಲ್ಲಾ ವಾಲ್ಲೆ ಆ ಹೆಸರಿನ ಹಿನ್ನೆಲೆಯನ್ನು ತಿಳಿಸುತ್ತಾನೆ. ಗೇರುಸೊಪ್ಪೆ ಘಟ್ಟದ ಬುಡದ ಊರು. ಅಲ್ಲಿಂದ ಘಟ್ಟ ಹತ್ತಿದರೆ ಸಿದ್ದಾಪುರದ ಸೀಮೆ. ಬಿಳಗಿಯ ಅರಸರ ನಾಡು ಅದು. ಅದರ ಉತ್ತರಕ್ಕೆ ಸೋಂದೆಯವರ ನಾಡು. ಅಡಿಕೆಯ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದ ಕಣಿವೆಯ ತೋಟಗಳನ್ನು ಬುಕಾನನ್ 1801ರಲ್ಲಿ ವಿವರವಾಗಿ ವರ್ಣಿಸಿದ್ದಾನೆ. ಬಿಳಗಿಯ ರತ್ನತ್ರಯ ಬಸದಿ, ಗೇರುಸೊಪ್ಪೆಯ ಚತುರ್ಮುಖ ಬಸದಿ, ಸುಧಾಪುರವೆನಿಸಿದ ಸೋಂದೆಯ ಮಠಪರಂಪರೆಗೆ ಸೇರಿದ ಭಟ್ಟಾಕಳಂಕನ 1604ರ 'ಕರ್ಣಾಟಕ ಶಬ್ದಾನುಶಾಸನ' ಇವೆಲ್ಲ ಈ ಮೆಣಸಿನ ನಾಡು ಸಮೃದ್ಧವಾಗಿದ್ದ ಯುಗದ ಫಲಗಳು.

ಪೋರ್ಚುಗೀಸರು ಮೆಣಸಿಗೆ ತೆತ್ತ ಬೆಲೆಯ ಬಹುಭಾಗ ಬೆಳ್ಳಿ. ಆ ಶತಮಾನದ ಕೊನೆಯ ಹೊತ್ತಿಗೆ ಲಿಸ್ಬನ್‌ನಿಂದ ಗೋವೆಗೆ ಬರುತ್ತಿದ್ದ ಹಡಗುಗಳು ಸ್ಪೇನಿನ ರಿಯಾಲ್‌ಗಳನ್ನು ಹೊತ್ತು ತರುತ್ತಿದ್ದವು. ಆ ರಿಯಾಲ್‌ಗಳ ಬೆಳ್ಳಿಯ ದೊಡ್ಡ ಮೂಲ ಇಂದಿನ ಬೊಲಿವಿಯದ ಪೊಟೊಸಿ. ಅಲ್ಲಿನ ಬೆಟ್ಟದಲ್ಲಿ ಬೆಳ್ಳಿ ದೊರೆತದ್ದು 1545ರಲ್ಲಿ. 1570ರ ದಶಕದಲ್ಲಿ ಅದಿರನ್ನು ಪುಡಿಮಾಡಿ ಪಾದರಸದೊಡನೆ ಬೆರೆಸಿ ಬೆಳ್ಳಿ ತೆಗೆಯುವ ವಿಧಾನ ಅಲ್ಲಿಗೆ ಬಂತು. ಅದೇ ಕಾಲದಲ್ಲಿ ಸ್ಥಳೀಯ ಜನರನ್ನು ಸರದಿಯಂತೆ ಗಣಿಗೆ ಹಿಡಿದು ತರುವ ಬಿಟ್ಟಿದುಡಿಮೆಯ ವ್ಯವಸ್ಥೆಯೂ ಕಟ್ಟುನಿಟ್ಟಾಯಿತು. ಪುಡಿಯಾದ ಅದಿರಿನ ದೂಳು ಗಾಳಿಯಲ್ಲಿ ಹರಡಿತು.

ಆ ದೂಳು ಪೆರುವಿನ ಕೆಲ್ಕಾಯ ಹಿಮರಾಶಿಯಲ್ಲಿ ಬಿದ್ದಿದೆ. ಪೊಟೊಸಿಯಿಂದ ಸುಮಾರು 800 ಕಿಲೋಮೀಟರ್ ದೂರದಲ್ಲಿ, 5,600 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಆ ಹಿಮದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ದಕ್ಷಿಣ ಅಮೆರಿಕದ ಗಾಳಿ ವ್ಯಾಪಕವಾಗಿ ಮಲಿನವಾದದ್ದು ಕೈಗಾರಿಕಾ ಕ್ರಾಂತಿಗಿಂತ ಸುಮಾರು 240 ವರ್ಷ ಮೊದಲೇ ಎಂಬುದು ಅದರ ಮುಖ್ಯ ನಿರ್ಣಯ. ಇಂತಿಷ್ಟು ಮೆಣಸಿಗೆ ಇಂತಿಷ್ಟು ಮಸಿ ಎಂದು ಲೆಕ್ಕ ಹಾಕಲಾಗದು. ಆದರೆ ಹೊನ್ನಾವರದ ಬಂದರಿನಲ್ಲಿ ಮೆಣಸು ತೂಗಿ ಬೆಳ್ಳಿ ಎಣಿಸಿದ ವ್ಯವಹಾರ ಅಲ್ಲಿಗೇ ಮುಗಿಯಲಿಲ್ಲವೆಂಬುದು ಖಚಿತ. ಅದರ ಇನ್ನೊಂದು ತುದಿಯಲ್ಲಿ ಆಂಡೀಸಿನ ಗಣಿಯಾಳು ಇದ್ದ. ಈ ನಾಡಿನ ದಾನಶಾಸನಗಳಲ್ಲಿ ದಾನಿಯ ಹೆಸರಿದೆ, ಪಡೆದವರ ಹೆಸರಿದೆ, ಎಲ್ಲೆಕಟ್ಟುಗಳಿವೆ. ಹಣದ ಹಿಂದಿದ್ದ ಆ ಆಳಿನ ಉಸಿರು ಯಾವ ಶಾಸನದಲ್ಲಿಯೂ ಇಲ್ಲ. ಅದರ ಗುರುತು ಉಳಿದಿರುವುದು ಹಿಮದಲ್ಲಿ ಮಾತ್ರ.

ಯಲ್ಲಾಪುರ: ಹತ್ತಿಯ ದಾರಿ

ಮೂರನೆಯ ಪ್ರಸಂಗ ಕಲ್ಲಿದ್ದಲಿನ ಯುಗದ್ದು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ಲ್ಯಾಂಕಶೈರಿನ ಗಿರಣಿಗಳಿಗೆ ಹತ್ತಿಯ ಅಭಾವ ಉಂಟಾಯಿತು. ಮ್ಯಾಂಚೆಸ್ಟರಿನ ವ್ಯಾಪಾರಿಗಳ ಕಣ್ಣು ಧಾರವಾಡ ಸೀಮೆಯ ಹತ್ತಿಯ ಮೇಲೆ ಬಿತ್ತು. ಅದನ್ನು ಕಾರವಾರ ಬಂದರಿಗೆ ಇಳಿಸುವ ಯೋಜನೆಯ ಅಂಗವಾಗಿ ಉತ್ತರ ಕನ್ನಡ 1862ರಲ್ಲಿ ಮದ್ರಾಸು ಆಧಿಪತ್ಯದಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿತು. ಹುಬ್ಬಳ್ಳಿಯಿಂದ ಯಲ್ಲಾಪುರ, ಅರಬೈಲು ಘಟ್ಟಗಳ ಮೂಲಕ ಕಾರವಾರಕ್ಕೆ ಹೋಗುವ ದಾರಿ ಹತ್ತಿಯ ದಾರಿಯಾಯಿತು. ಜಿಲ್ಲೆಯ ಆಡಳಿತದ ಎಲ್ಲೆಯನ್ನೇ ಬದಲಿಸಿದ ಈ ಹತ್ತಿ ಹೋಗಿ ಸೇರುತ್ತಿದ್ದುದು ಕಲ್ಲಿದ್ದಲಿನಿಂದ ನಡೆಯುವ ಗಿರಣಿಗಳನ್ನು. 1880ರ ದಶಕದಲ್ಲಿ ರೈಲುದಾರಿ ಮೊರ್ಮುಗೋವಾ ಬಂದರನ್ನು ಮುಟ್ಟಿದ ಮೇಲೆ ಕಾರವಾರದ ಕನಸು ಕರಗಿತು.

ಹತ್ತಿ ಪಶ್ಚಿಮಕ್ಕೆ ಹೋಯಿತು. ಹೊಗೆ ಪೂರ್ವಕ್ಕೆ ಬಂತು. ಟಿಬೆಟಿನ ಶಿಶಾಪಾಂಗ್ಮಾ ಶಿಖರದ ಬಳಿ, 7,200 ಮೀಟರ್ ಎತ್ತರದ ದಾಸುವೊಪು ಹಿಮನದಿಯಲ್ಲಿ 1997ರಲ್ಲಿ ಕೊರೆದು ತೆಗೆದ ಹಿಮಕಂಬವನ್ನು ಪಾವ್ಲೊ ಗಾಬ್ರಿಯೆಲ್ಲಿ ಮತ್ತು ಸಂಗಡಿಗರು ಪರಿಶೀಲಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಕ್ಯಾಡ್ಮಿಯಂ, ಕ್ರೋಮಿಯಂ, ನಿಕ್ಕಲ್, ಸತು ಮೊದಲಾದ ಲೋಹಗಳು 1780ರ ಸುಮಾರಿನಿಂದಲೇ ಅಲ್ಲಿ ಸಹಜಕ್ಕಿಂತ ಹೆಚ್ಚಾಗಿವೆ. ಪಶ್ಚಿಮ ಯೂರೋಪಿನ ಕಲ್ಲಿದ್ದಲಿನ ಬೂದಿಯನ್ನು ಚಳಿಗಾಲದ ಪಶ್ಚಿಮಗಾಳಿ ಹಿಮಾಲಯದ ನೆತ್ತಿಗೆ ತಂದುಹಾಕಿತೆಂದು ಅವರ ತೀರ್ಮಾನ. ಕಾಡು ಕಡಿದು ಸುಟ್ಟ ಬೆಂಕಿಯ ಪಾಲೂ ಅದರಲ್ಲಿದೆ ಎಂದು ಅವರು ಸೇರಿಸಿದ್ದಾರೆ.

ಅದೇ ಹಿಮನದಿ ಮಳೆಯ ಚರಿತ್ರೆಯನ್ನೂ ಬರೆದಿದೆ. ಲೋನಿ ಥಾಂಪ್ಸನ್ ಮತ್ತು ಸಂಗಡಿಗರು 2000ದಲ್ಲಿ ತೋರಿಸಿದಂತೆ, 1790ರಿಂದ 1796ರವರೆಗಿನ ಮತ್ತು 1876–77ರ ಮುಂಗಾರಿನ ವೈಫಲ್ಯಗಳು ದಾಸುವೊಪುವಿನಲ್ಲಿ ದೂಳಿನ ಪದರಗಳಾಗಿ ಉಳಿದಿವೆ. ಮೊದಲನೆಯದು ಸತ್ತವರ ತಲೆಬುರುಡೆಗಳು ಹೊಲಗಳಲ್ಲಿ ಬಿದ್ದಿದ್ದವೆಂದು ಜನ ನೆನೆದ ಬರದ ಕಾಲ. ಎರಡನೆಯದು ಮೈಸೂರು ಸಂಸ್ಥಾನವನ್ನು ನಡುಗಿಸಿದ ಮಹಾಕ್ಷಾಮದ ಕಾಲ.

ನೆಲದ ಮೇಲಿನ ಸಾಕ್ಷ್ಯಗಳು

ದೂರದ ಹಿಮಕ್ಕೂ ಮಿತಿಯಿದೆ. ಗಾಳಿ ಯಾವ ಕಡೆಯಿಂದ ಬೀಸುತ್ತದೆಯೋ ಆ ಕಡೆಯ ಸುದ್ದಿಯನ್ನೇ ಹಿಮ ಬರೆದುಕೊಳ್ಳುತ್ತದೆ. ಗ್ರೀನ್‌ಲ್ಯಾಂಡಿನ ಪದರಗಳಲ್ಲಿ ಯೂರೋಪು ಮತ್ತು ಉತ್ತರ ಅಮೆರಿಕಗಳ ಹೊಗೆ ಹೆಚ್ಚು. ಜಾವರ್‌ನ ಕುಲುಮೆಯ ಹೊಗೆ ಅಲ್ಲಿ ಕಾಣದಿದ್ದರೆ ಕುಲುಮೆಯೇ ಇರಲಿಲ್ಲವೆಂದು ಅರ್ಥವಲ್ಲ. ಗಾಳಿ ಅನುಕೂಲವಾಗಿದ್ದರೆ ಹಿಮ ಎಷ್ಟು ದೂರದ ಸುದ್ದಿಯನ್ನಾದರೂ ಕೇಳುತ್ತದೆ ಎಂಬುದಕ್ಕೂ ನಿದರ್ಶನವಿದೆ. ರೊಆಲ್ಡ್ ಅಮುಂಡ್ಸೆನ್ ದಕ್ಷಿಣ ಧ್ರುವವನ್ನು ತಲುಪಿದ್ದು 1911ರ ಡಿಸೆಂಬರಿನಲ್ಲಿ. ಆಸ್ಟ್ರೇಲಿಯದ ಬ್ರೋಕನ್ ಹಿಲ್ ಗಣಿಯ ಸೀಸ ಅಂಟಾರ್ಕ್ಟಿಕಾವನ್ನು ತಲುಪಿದ್ದು 1889ರ ಸುಮಾರಿಗೆ. ಮನುಷ್ಯನ ಹೆಜ್ಜೆಗಿಂತ 22 ವರ್ಷ ಮೊದಲು ಅವನ ಹೊಗೆ ಅಲ್ಲಿಗೆ ಹೋಗಿತ್ತು. ಹಿಮದ ಓದು ಕೇವಲ ಕುತೂಹಲವಲ್ಲವೆಂಬುದಕ್ಕೆ ಮುಂದಿನ ಚರಿತ್ರೆಯೇ ಸಾಕ್ಷಿ. ಪ್ಯಾಟರ್ಸನ್ನನ ಸಂಶೋಧನೆಯ ತರುವಾಯ ಹಲವು ದೇಶಗಳು ಪೆಟ್ರೋಲಿನಿಂದ ಸೀಸವನ್ನು ತೆಗೆದುಹಾಕಿದವು. ಭಾರತದಲ್ಲಿ ಅದು 2000ದಲ್ಲಿ ಪೂರ್ಣವಾಯಿತು. ಗ್ರೀನ್‌ಲ್ಯಾಂಡಿನ ಹಿಮದಲ್ಲಿ ಸೀಸ 1970ರ ದಶಕದಿಂದೀಚೆಗೆ ತೀವ್ರವಾಗಿ ಇಳಿದಿದೆ.

ಹಾಗಾದರೆ ಈ ಮೂರು ತಾಲೂಕುಗಳ ಗಾಳಿ ಮತ್ತು ಮಳೆಯ ಚರಿತ್ರೆಯನ್ನು ಓದಲು ಹಿಮಕ್ಕೆ ಸಮನಾದ ದಾಖಲೆ ಇಲ್ಲಿಯೇ ಇದೆಯೇ? ಇದೆ. ಉತ್ತರ ಕನ್ನಡ ಜಿಲ್ಲೆಯ ಆಕಳಗವಿಯಲ್ಲಿ ಗವಿಯ ಮಾಡಿನಿಂದ ತೊಟ್ಟಿಕ್ಕಿದ ನೀರಿನ ಸುಣ್ಣ ನೆಲದ ಮೇಲೆ ವರ್ಷಕ್ಕೊಂದು ಪದರವಾಗಿ ಬೆಳೆದು ಕಂಬವಾಗಿದೆ. ಯಾದವ, ರಮೇಶ್ ಮತ್ತು ಪಂತ್ ಎಂಬ ವಿಜ್ಞಾನಿಗಳು ಅದರ ಪದರಗಳಲ್ಲಿನ ಆಮ್ಲಜನಕದ ಸಮಸ್ಥಾನಿಗಳನ್ನು ಅಳೆದು 331 ವರ್ಷಗಳ ಮಳೆಯ ಏರಿಳಿತವನ್ನು 2004ರಲ್ಲಿ ಪ್ರಕಟಿಸಿದರು. ಸೋಂದೆಯ ಅರಸರ ಉತ್ತರಕಾಲ, ಹೈದರನ ದಾಳಿ, 1790ರ ದಶಕದ ಬರ, ಬುಕಾನನ್ ಪಾಳುಬಿದ್ದ ಸೋಂದೆಯನ್ನು ಕಂಡ ವರ್ಷ, ಹತ್ತಿಯ ದಾರಿಯ ಏಳುಬೀಳು ಎಲ್ಲವೂ ಆ 331 ವರ್ಷಗಳೊಳಗೆ ಬರುತ್ತವೆ. ಸೋಂದೆಯ ಅವನತಿಯನ್ನು ಯುದ್ಧಗಳಿಂದ ಮಾತ್ರ ವಿವರಿಸುವವರು ಇನ್ನು ಮುಂದೆ ಆ ಕಲ್ಲಿನ ಮಳೆಲೆಕ್ಕವನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು.

ಇನ್ನೊಂದು ದಾಖಲೆ ಕೆರೆಯ ಹೂಳು. ಸ್ವೀಡನ್ನಿನ ಸರೋವರಗಳ ತಳದ ಹೂಳಿನಲ್ಲಿ ರೋಮನ್ ಕಾಲದ ಸೀಸ ಪದರವಾಗಿ ಉಳಿದಿರುವುದನ್ನು ರೆನ್‌ಬರ್ಗ್ ಮತ್ತು ಸಂಗಡಿಗರು 1994ರಲ್ಲಿ ತೋರಿಸಿದರು. ಗ್ರೀನ್‌ಲ್ಯಾಂಡಿನ ಸೀಸದ ಲೇಖನ ಬಂದದ್ದೂ ಅದೇ ವರ್ಷ. ಗುಡ್ನಾಪುರದ ಕೆರೆ ರವಿವರ್ಮನ ಶಾಸನದಲ್ಲಿಯೇ ಗುಡ್ಡತಟಾಕವೆಂದು ಉಲ್ಲೇಖಗೊಂಡಿದೆ. ಕಾಮಜಿನಾಲಯದ ವಿಷಯ ಹೇಳುವ ಆ ಶಾಸನವನ್ನು ವಿದ್ವಾಂಸರು ಅಕ್ಷರಕ್ಷರವಾಗಿ ಓದಿದ್ದಾರೆ. ಅದೇ ಶಾಸನ ಹೆಸರಿಸುವ ಕೆರೆಯ ತಳವೂ ಒಂದು ಪಠ್ಯವೇ. ಮಳೆನೀರು ತಂದ ಮಣ್ಣು, ಸುತ್ತಣ ಕಾಡು ಸುಟ್ಟ ಮಸಿ, ಹೂವಿನ ಪರಾಗ, ಗಾಳಿ ತಂದ ಲೋಹ ಇವೆಲ್ಲ ಕಲಕದೆ ಉಳಿದಿರುವ ಹೂಳಿನಲ್ಲಿ ಕ್ರಮವಾಗಿ ಸೇರಿರುತ್ತವೆ. ಹಿಮದಷ್ಟು ಅಚ್ಚುಕಟ್ಟಾದ ಕ್ರಮ ಕೆರೆಯಲ್ಲಿ ಇರಲಾರದು. ದನಕರು ತುಳಿದಿರುತ್ತವೆ, ಬೇಸಗೆಯಲ್ಲಿ ನೀರು ಬತ್ತಿರುತ್ತದೆ, ರೈತರು ಹೂಳನ್ನು ಹೊಲಕ್ಕೆ ಒಯ್ದಿರುತ್ತಾರೆ. ಆದರೂ ಲೋಪದೋಷಗಳಿರುವ ಓಲೆಗರಿಯನ್ನು ಯಾವ ಸಂಪಾದಕನೂ ಎಸೆಯುವುದಿಲ್ಲ. ಇರುವಷ್ಟನ್ನು ಓದಿ, ಇಲ್ಲದುದನ್ನು ಇಲ್ಲವೆಂದು ಗುರುತಿಸುತ್ತಾನೆ.

ಕೆರೆಯ ಹೂಳೆತ್ತುವುದು ಊರಿಗೆ ಅಗತ್ಯವಾದ ಕೆಲಸ. ಕೆರೆ ತುಂಬಿದರೆ ತೋಟಕ್ಕೂ ದನಕರುಗಳಿಗೂ ನೀರು. ಅದಕ್ಕೆ ಅಡ್ಡಬರುವುದು ಚರಿತ್ರಕಾರನ ಕೆಲಸವಲ್ಲ. ಯಂತ್ರ ಇಳಿಯುವುದಕ್ಕೆ ಮೊದಲು ಕೆರೆಯ ನಡುವಿನಿಂದ ಒಂದು ಕೊಳವೆಯಷ್ಟು ಹೂಳನ್ನು ಪದರ ಕೆಡದಂತೆ ಮೇಲೆತ್ತಿ ಇಟ್ಟುಕೊಳ್ಳುವುದಕ್ಕೆ ಒಂದು ದಿನ ಸಾಕು. ಹಿಮಕಂಬಗಳನ್ನು ಕಾಪಿಟ್ಟು ಓದುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಕಾರವಾರದಾಚೆಯ ಗೋವೆಯ ವಾಸ್ಕೋದಲ್ಲಿಯೇ ಇದೆ. ಅಂಟಾರ್ಕ್ಟಿಕಾದಿಂದ ತಂದ ಹಿಮ ಅಲ್ಲಿ ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿನ ಶೀತದಲ್ಲಿ ಸುರಕ್ಷಿತವಾಗಿದೆ. ಧ್ರುವದ ಹಿಮಕ್ಕೆ ದೊರೆತ ಈ ಜತನದಲ್ಲಿ ನೂರರಲ್ಲೊಂದು ಪಾಲು ಮಲೆನಾಡಿನ ಕೆರೆಗಳಿಗೆ ದೊರೆತರೂ ಬನವಾಸಿಯ ಕಮ್ಮಟದ ಒಲೆಯ ಮಸಿಯನ್ನೂ ತೋಟಕ್ಕಾಗಿ ಕಾಡು ಸುಟ್ಟ ವರ್ಷಗಳನ್ನೂ ಹುಡುಕಲು ಒಂದು ದಾರಿ ತೆರೆದುಕೊಳ್ಳುತ್ತದೆ.

ಒಡೆದ ಶಾಸನದ ಅಚ್ಚು ಎಲ್ಲೋ ಒಂದೆಡೆ ಉಳಿದಿರಬಹುದು, ಕಳೆದ ಓಲೆಗರಿಯ ಪ್ರತಿ ಬೇರೊಂದು ಭಂಡಾರದಲ್ಲಿ ದೊರೆಯಬಹುದು. ಹೂಳಿಗೆ ಪ್ರತಿಯಿಲ್ಲ. ಒಮ್ಮೆ ಲಾರಿಯಲ್ಲಿ ಹೋಗಿ ಹೊಲದ ಮಣ್ಣಿನಲ್ಲಿ ಬೆರೆತರೆ ಆ ಪಠ್ಯವನ್ನು ಮತ್ತೆ ಯಾರೂ ಸಂಪಾದಿಸಲಾರರು.